ಚಪ್ಪಾಳೆಗೆ ಗೊತ್ತಣ್ಣನ ಅಪ್ಪಣೆ

ಗೊತ್ತಣ್ಣನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಗೊತ್ತಿಲ್ಲದ್ದು ಬೇಕಾದಷ್ಟಿತ್ತು. ಆದರೆ ‘ಗೊತ್ತಿಲ್ಲ’ ಎನ್ನುವ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ. ವಿದ್ಯುತ್ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತು ಕೂತು ಹತ್ತಿದ ಚಟ ಅದು. “ಸ್ವಾಮಿ, ಬೆಳಗ್ಗೆಯಿಂದ ಕರೆಂಟಿಲ್ಲ” ಎಂದರೆ “ಗೊತ್ತು.” “ನಮ್ಮ ಮನೆ ಯಾವುದು ಅಂತಾನೇ ಹೇಳಿಲ್ಲವಲ್ಲ ಸ್ವಾಮಿ” ಎಂದರೆ “ಅದೂ ಗೊತ್ತು. ಹೋಗಿ, ಲೈನ್‌ಮನ್ ಬರ್ತಾನೆ.” ಜನ ಸಮಾಧಾನದಿಂದ ಹೋಗುತ್ತಿದ್ದರು. ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಕೀರ್ತಿ ಗೊತ್ತಣ್ಣನಿಗೆ ಸೇರುತ್ತಿತ್ತು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೀತು, ಅದು ಈಗ ಅವನ ಹೆಂಡತಿಗೂ ಥಟ್ಟನೆ ನೆನಪಾಗುವುದಿಲ್ಲ.

ಇಂಥ ಗೊತ್ತಣ್ಣನ ಮಗಳು ಊರಿನ ಯುವ ವಾದ್ಯವೃಂದದಲ್ಲಿ ತಾಳ ಬಾರಿಸುತ್ತಿದ್ದಳು. ತಾಳವೆಂದರೆ ಅಂಗೈಯಲ್ಲಿ ಅಡಗುವ ಕಿಣಿಕಿಣಿ ತಾಳವಲ್ಲ. ಊಟದ ತಟ್ಟೆಗಿಂತ ದೊಡ್ಡದಾದ ಎರಡು ಹಿತ್ತಾಳೆ ತಾಳ. ಎರಡನ್ನೂ ಎತ್ತಿ ಅಪ್ಪಳಿಸಿದರೆ ಪಕ್ಕದ ಬೀದಿಯಲ್ಲಿ ಮಲಗಿದ ನಾಯಿ ಎದ್ದು ಕೂರಬೇಕು. ಪಿಟೀಲಿನವರು ಮೊದಲಿನಿಂದ ಕೊನೆಯವರೆಗೆ ಉಜ್ಜುತ್ತಲೇ ಇರುತ್ತಾರೆ, ಕಹಳೆಯವರು ಕೆನ್ನೆ ಉಬ್ಬಿಸುತ್ತಲೇ ಇರುತ್ತಾರೆ. ಇವಳು ಮಾತ್ರ ಎಲ್ಲರಿಗಿಂತ ಹಿಂದೆ, ಎತ್ತರದ ಮೆಟ್ಟಿಲ ಮೇಲೆ ನಿಂತು ತನ್ನ ಸರದಿಗೆ ಕಾಯಬೇಕು.

ಒಂದು ಸಂಜೆ ಹುಡುಗಿ ಅಭ್ಯಾಸ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, “ಅಪ್ಪ, ವಸಂತದ ಕಾರ್ಯಕ್ರಮಕ್ಕೆ ನಮ್ಮ ಕಡೆಯವರು ಯಾರೂ ಬರೋದು ಬೇಡ” ಎಂದಳು.

“ಯಾಕೇ?” ಅಡುಗೆಮನೆಯಿಂದ ಅವಳಮ್ಮ ಹೊರಗೆ ಬಂದಳು.

“ಹೋದ ಸಲ ಮಾವ ಮಾಡಿದ್ದು ಮರೆತುಹೋಯ್ತಾ?”

ಯಾರಿಗೂ ಮರೆತಿರಲಿಲ್ಲ. ಈ ವಾದ್ಯವೃಂದದವರ ಸಂಗೀತದಲ್ಲಿ ಒಂದು ತೊಡಕಿದೆ. ಒಂದೊಂದು ಕೃತಿಗೂ ಮೂರೋ ನಾಲ್ಕೋ ತುಂಡು. ತುಂಡಿಗೂ ತುಂಡಿಗೂ ನಡುವೆ ಗಪ್‌ಚಿಪ್. ಆ ಗಪ್‌ಚಿಪ್‌ನಲ್ಲಿ ಕೆಮ್ಮಬಹುದು, ಸೀರೆ ಸರಿಮಾಡಿಕೊಳ್ಳಬಹುದು, ಚಪ್ಪಾಳೆ ಮಾತ್ರ ಹೊಡೆಯಬಾರದು. ಎಲ್ಲ ತುಂಡೂ ಮುಗಿದ ಮೇಲೆಯೇ ಹೊಡೆಯಬೇಕು. ಹೋದ ಸಲ ಗೊತ್ತಣ್ಣನ ಭಾವಮೈದ, ಔಷಧದ ಅಂಗಡಿಯವನು, ಸೋದರಸೊಸೆಯ ಮೇಲಿನ ಅಭಿಮಾನ ತಡೆಯಲಾರದೆ ಮೊದಲನೇ ತುಂಡು ಮುಗಿದ ತಕ್ಷಣ ಎದ್ದು ನಿಂತು ಪಟಪಟ ಹೊಡೆದುಬಿಟ್ಟ. ಅವನನ್ನು ನೋಡಿ ಮುಂದಿನ ಸಾಲಿನಲ್ಲಿದ್ದ ಪುರಸಭೆಯ ಅಧ್ಯಕ್ಷರು ಹೊಡೆದರು. ಅಧ್ಯಕ್ಷರು ಹೊಡೆದ ಮೇಲೆ ಊರು ಸುಮ್ಮನಿರುತ್ತದೆಯೇ? ವಾದ್ಯವೃಂದ ನಡೆಸುವ ಕಡ್ಡಿ ಮೇಷ್ಟ್ರು ಕೈಯಲ್ಲಿದ್ದ ಕಡ್ಡಿಯನ್ನು ಹಾಗೇ ಹಿಡಿದು, ತಿರುಗಿ, ಇಡೀ ಸಭೆಯನ್ನು ಒಂದು ನೋಟ ನೋಡಿದರು. ಆ ನೋಟಕ್ಕೆ ಮುನ್ನೂರು ಜನ ಒಟ್ಟಿಗೆ ತಲೆ ತಗ್ಗಿಸಿದರು. ಅಂದಿನಿಂದ ಸಭಾಂಗಣದ ಬಾಗಿಲಲ್ಲಿ ಹಲಗೆ ನೇತಾಡುತ್ತಿದೆ: ‘ಮಧ್ಯದಲ್ಲಿ ಚಪ್ಪಾಳೆ ನಿಷೇಧಿಸಲಾಗಿದೆ.’

“ಈ ಸಲ ಕೊನೇ ಕೃತೀಲಿ ನಂದು ಒಂದೇ ಒಂದು ಪೆಟ್ಟು ಅಪ್ಪ,” ಎಂದಳು ಮಗಳು. “ಅಲ್ಲಿವರೆಗೂ ನಿಂತು ಕಾಯ್ತೀನಿ. ಎಲ್ಲರೂ ಜೋರಾಗಿ ಬಾರಿಸ್ತಾ ಬಾರಿಸ್ತಾ ತಟ್ಟಂತ ನಿಲ್ಲಿಸ್ತಾರೆ. ಪೂರಾ ಮೌನ. ಆಮೇಲೆ ನಾನೊಬ್ಬಳೇ. ಅಲ್ಲಿಗೆ ಮುಗೀತು. ಆ ಮೌನದಲ್ಲಿ ಯಾರಾದ್ರೂ ಕೈ ತಟ್ಟಿದ್ರೆ ನಂದು ಯಾರಿಗೂ ಕೇಳ್ಸಲ್ಲ. ಇಷ್ಟು ದಿನ ಕಲಿತದ್ದೆಲ್ಲ ನೀರಲ್ಲಿ ಹೋಮ.”

“ಎರಡು ತಟ್ಟೆ ಬಡಿಯೋದಕ್ಕೂ ಕಲಿಯೋದಿರತ್ತೇನೇ?” ಎಂದರು ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅಜ್ಜಿ, ಅಂದರೆ ಗೊತ್ತಣ್ಣನ ಅತ್ತೆ.

ಹುಡುಗಿಯ ಗದ್ದ ನಡುಗಿತು. ಗೊತ್ತಣ್ಣ ಎಂಥವನೇ ಇರಲಿ, ಮಗಳ ಗದ್ದ ನಡುಗಿದರೆ ಕರುಳು ಚುರ್ ಎನ್ನುವ ಅಪ್ಪ. ಓದುತ್ತಿದ್ದ ಪೇಪರು ಮಡಿಸಿ ಪಕ್ಕಕ್ಕಿಟ್ಟು, “ಲೇ ಮಗಳೇ, ಅದಕ್ಕೆಲ್ಲ ಅಳ್ತಾರೇನೇ? ಚಪ್ಪಾಳೆ ಯಾವಾಗ ಹೊಡೀಬೇಕು ಅಂತ ನನಗೆ ಗೊತ್ತು. ಎಲ್ಲರೂ ಬರಲಿ. ನಾನು ಹೊಡೆದಾಗ ಹೊಡೀಲಿ, ನಾನು ಸುಮ್ಮನಿದ್ದಾಗ ಸುಮ್ಮನಿರಲಿ. ಮುಗೀತಲ್ಲ!” ಎಂದ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಮಾತು ಮನೆಯೊಳಗೇ ಇದ್ದಿದ್ದರೆ ನಮಗೆ ಈ ಕಥೆ ಹೇಳುವ ಕೆಲಸ ಇರುತ್ತಿರಲಿಲ್ಲ. ಆದರೆ ಅತ್ತೆಯವರು ಮೆಟ್ಟಿಲಿಳಿದು ಹಾಲು ತರಲು ಹೋಗಿಬರುವಷ್ಟರಲ್ಲಿ ಅದು ಕಟ್ಟಡದ ಎಲ್ಲ ಬಾಗಿಲನ್ನೂ ತಟ್ಟಿತ್ತು.

ಮೊದಲು ಬಂದವನು ಕೆಳಗಿನ ಮನೆಯ ದರ್ಜಿ. ಕತ್ತಿನ ಮೇಲಿದ್ದ ಅಳತೆ ಟೇಪನ್ನೂ ತೆಗೆದಿರಲಿಲ್ಲ. “ಅಣ್ಣಾ, ನಿಮಗೆ ಪುಣ್ಯ ಬರಲಿ. ಹೋದ ಸಲ ಕೈ ಎಲ್ಲಿ ತಪ್ಪು ಮಾಡತ್ತೋ ಅಂತ ಎರಡನ್ನೂ ತೊಡೆ ಕೆಳಗೆ ಇಟ್ಕೊಂಡು ಕೂತಿದ್ದೆ. ಮಾರನೇ ದಿನ ಕತ್ತರಿ ಹಿಡಿಯೋಕೆ ಬೆರಳೇ ಬರಲಿಲ್ಲ ನೋಡಿ!”

“ಈ ಸಲ ಧೈರ್ಯವಾಗಿ ಬಾ. ಕೈ ತೊಡೆ ಮೇಲಿಟ್ಕೊ,” ಎಂದ ಗೊತ್ತಣ್ಣ, ಅಭಯಹಸ್ತ ತೋರಿಸಿ.

ಭಾವಮೈದನೂ ಬಂದ. “ಭಾವ, ನಾನು ನಿಮ್ಮನ್ನ ಬಿಟ್ಟು ಆ ಕಡೆ ಈ ಕಡೆ ನೋಡಲ್ಲ. ವೇದಿಕೆ ಕಡೆ ಅಂತೂ ನೋಡೋದೇ ಇಲ್ಲ” ಎಂದು ಮಾತು ಕೊಟ್ಟ. ಸಂಗೀತ ಕಾರ್ಯಕ್ರಮಕ್ಕೆ ಹೋಗಿ ಭಾವನ ಮುಖ ನೋಡಿ ಬರುವುದು ಎಂಥ ರಸಿಕತೆ ಎಂದು ಕೇಳಬೇಡಿ, ಅವನು ಅನುಭವಿಸಿದ ಅವಮಾನ ಅವನಿಗೇ ಗೊತ್ತು.

ಮಾರನೇ ದಿನ ಕಚೇರಿಯಲ್ಲಿ ಸಾಹೇಬರ ಬುಲಾವು ಬಂತು. ಕಿಟಕಿಯಲ್ಲಿ ತೂಕಡಿಸಿದ್ದು ಗೊತ್ತಾಯಿತೇನೋ ಎಂದುಕೊಂಡು ಗೊತ್ತಣ್ಣ ಒಳಗೆ ಹೋದರೆ, ಸಾಹೇಬರು ಎದ್ದು ಬಾಗಿಲು ಹಾಕಿದರು.

“ಚಪ್ಪಾಳೆ ವಿಷಯ ನಿಮಗೆ ತಿಳಿದಿದೆಯಂತೆ?”

“ಗೊತ್ತು ಸಾರ್.”

“ಪುರಸಭೆ ಅಧ್ಯಕ್ಷರು ಈ ಸಲಾನೂ ಮುಖ್ಯ ಅತಿಥಿ. ಹೋದ ಸಲದ್ದು ನೆನೆಸಿಕೊಂಡ್ರೆ ಅವರಿಗೆ ಇವತ್ತಿಗೂ ನಿದ್ದೆ ಬರಲ್ಲವಂತೆ. ನಿಮ್ಮನ್ನ ಅವರ ಪಕ್ಕದಲ್ಲೇ ಕೂರಿಸಬೇಕು ಅಂತ ಹೇಳಿ ಕಳಿಸಿದಾರೆ. ಮುಂದಿನ ಸಾಲು.” ಸಾಹೇಬರು ದನಿ ತಗ್ಗಿಸಿದರು. “ನೋಡಿ, ಹೆಚ್ಚು ಕಡಿಮೆ ಆದ್ರೆ ನಿಮ್ಮನ್ನ ಮೀಟರ್ ನೋಡೋಕೆ ಹಾಕ್ತೀನಿ. ಮನೆ ಮನೆ ಸುತ್ತಬೇಕು. ಬಿಸಿಲಲ್ಲಿ.”

ಹೊರಗೆ ಬಂದ ಗೊತ್ತಣ್ಣ ಒಂದು ಲೋಟ ನೀರು ಕುಡಿದ. ಇರಲಾರದೆ ಇರುವೆ ಬಿಟ್ಟುಕೊಂಡಂತಾಗಿತ್ತು ಅವನ ಪಾಡು. ಮಗಳನ್ನೇ ಕೇಳಿದ್ದರೆ ಹುಡುಗಿ ಒಂದು ಮಾತಿನಲ್ಲಿ ಹೇಳಿಬಿಡುತ್ತಿದ್ದಳು. ಆದರೆ ಗೊತ್ತಿರುವವನು ಕೇಳುವುದು ಹೇಗೆ?

ಕೇಳುವುದರ ಬದಲು ಹೋಗಿ ನೋಡುವುದು ಎಂದು ತೀರ್ಮಾನವಾಯಿತು. ಒಂದು ಮಧ್ಯಾಹ್ನ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು ಸಭಾಂಗಣಕ್ಕೆ ಹೋದ. ಕಾವಲುಗಾರ ಅಡ್ಡ ಬಂದ. “ಲೈನ್ ಚೆಕ್ಕು” ಎಂದ ಗೊತ್ತಣ್ಣ. ಕಾವಲುಗಾರ, “ಪಂಖ ಮೂರು ತಿಂಗಳಿಂದ ಕೆಟ್ಟಿದೆ, ಈಗ ಬಂದ್ರಾ?” ಎಂದು ಬೈದು ಒಳಗೆ ಬಿಟ್ಟ.

ಕಂಬದ ಹಿಂದೆ ಕೂತು ಗೊತ್ತಣ್ಣ ನೋಡಿದ. ಕಡ್ಡಿ ಮೇಷ್ಟ್ರದು ಭಾರಿ ಶರೀರ. ಅಷ್ಟು ಭಾರಿ ಶರೀರ ಅಷ್ಟು ಸಣ್ಣ ಕಡ್ಡಿ ಹಿಡಿದು ಅಷ್ಟೊಂದು ಕುಣಿಯುವುದನ್ನು ಅವನು ಇದುವರೆಗೆ ನೋಡಿರಲಿಲ್ಲ. ಬಲಗೈ ಬೀಸುತ್ತಿತ್ತು, ಎಡಗೈ ಪಿಟೀಲಿನವರನ್ನು ಬೇಡುತ್ತಿತ್ತು, ಕಹಳೆಯವರನ್ನು ಗದರಿಸುತ್ತಿತ್ತು. ಬೆವರು ಹಣೆಯಿಂದ ಇಳಿದು ಗದ್ದಕ್ಕೆ ಬಂದರೂ ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ತುಂಡಿನ ನಡುವೆ ಮೌನ ಬಂದಾಗಲೂ ಕೈ ಎರಡೂ ಗಾಳಿಯಲ್ಲೇ. ಇಡೀ ಕೃತಿ ಮುಗಿದಾಗ ಮಾತ್ರ ಮೇಷ್ಟ್ರು ಉಸ್ಸಪ್ಪಾ ಎಂದು, ಜೇಬಿನಿಂದ ದಿಂಬಿನ ಚೀಲದಷ್ಟು ದೊಡ್ಡ ನೀಲಿ ಕರವಸ್ತ್ರ ಎಳೆದು ಮುಖ ಒರೆಸಿಕೊಂಡರು. ಇನ್ನೊಂದು ಕೃತಿ ನುಡಿಸಿದರು. ಮತ್ತೆ ಅದೇ: ಮುಗಿಯುವವರೆಗೆ ಕರವಸ್ತ್ರವಿಲ್ಲ, ಮುಗಿದೊಡನೆ ಕರವಸ್ತ್ರ.

ಗೊತ್ತಣ್ಣ ಕಂಬಕ್ಕೆ ಒಂದು ಗುದ್ದು ಗುದ್ದಿದ. ಸಿಕ್ಕಿತು! ಕರವಸ್ತ್ರ ಬಂದರೆ ಚಪ್ಪಾಳೆ. ಇಷ್ಟೇ ಇಷ್ಟಕ್ಕೆ ಊರೆಲ್ಲ ಹೆದರಿ ಸಾಯುತ್ತಿದೆ! ಇನ್ನು ನೋಡುವುದೇನಿದೆ ಎಂದು ಎದ್ದು ಹೊರಟೇಬಿಟ್ಟ. ಕೊನೆಯ ಕೃತಿಯ ಅಭ್ಯಾಸ ಇನ್ನೂ ಬಾಕಿಯಿತ್ತು. ಅವನು ಬರುವುದಕ್ಕೆ ಮುಂಚೆ ಚಿಕ್ಕ ಮಕ್ಕಳ ತಂಡದ ಅಭ್ಯಾಸ ಮುಗಿದಿತ್ತು, ಅದನ್ನು ನಡೆಸುವವರು ಬೇರೊಬ್ಬರು. ಇದಾವುದೂ ಗೊತ್ತಣ್ಣನಿಗೆ ಗೊತ್ತಿಲ್ಲ. ಅಲ್ಪ ವಿದ್ಯಾ ಮಹಾಗರ್ವಿ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷರು ಬಂದವರೇ ಹೂಗುಚ್ಛ ತೆಗೆದುಕೊಳ್ಳುವುದಕ್ಕಿಂತ ಮೊದಲು, “ಅವರೆಲ್ಲಿ?” ಎಂದು ಕೇಳಿದರು. ಗೊತ್ತಣ್ಣನನ್ನು ಕರೆತಂದು ಪಕ್ಕದಲ್ಲಿ ಕೂರಿಸಿದರು. ಹಿಂದಿನ ಸಾಲಿನಲ್ಲಿ ಅತ್ತೆಯವರು, ಹೆಂಡತಿ, ಭಾವಮೈದ, ದರ್ಜಿ. ಅದರ ಹಿಂದೆ ಸಾಹೇಬರು. ಅದಕ್ಕೂ ಹಿಂದೆ ಊರು. ಅಧ್ಯಕ್ಷರು ಗೊತ್ತಣ್ಣನ ಕೈ ನೋಡುವುದು, ಊರು ಅಧ್ಯಕ್ಷರ ಕೈ ನೋಡುವುದು ಎಂದು ಏರ್ಪಾಡಾಗಿತ್ತು. ಗೊತ್ತಣ್ಣ ತನ್ನ ಎರಡು ಕೈಗಳನ್ನು ತೊಡೆಯ ಮೇಲೆ ಬೇರೆ ಬೇರೆ ಇಟ್ಟುಕೊಂಡು, ಗಂಭೀರವಾಗಿ ಕೂತ.

ಪರದೆ ಸರಿಯಿತು. ಚಿಕ್ಕ ಮಕ್ಕಳ ತಂಡ. ಅವರ ಮುಂದೆ ಬಂದು ನಿಂತದ್ದು ಭಾರಿ ಶರೀರದ ಮೇಷ್ಟ್ರಲ್ಲ. ಕಡ್ಡಿಯಷ್ಟೇ ತೆಳ್ಳಗಿದ್ದ ಒಬ್ಬ ಚಿಕ್ಕ ಮೇಡಂ, ಹೊಸದಾಗಿ ಸೇರಿದವರು, ಅವರದ್ದು ಅದು ಮೊದಲ ಕಾರ್ಯಕ್ರಮ.

ಗೊತ್ತಣ್ಣ ಕತ್ತು ಚಾಚಿ ಪರದೆಯ ಎರಡೂ ಅಂಚಿನಲ್ಲಿ ಮೇಷ್ಟ್ರನ್ನು ಹುಡುಕಿದ. ಆದರೂ ಯಾರಾದರೇನು, ಕರವಸ್ತ್ರ ಎಲ್ಲರಿಗೂ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡ.

ಮಕ್ಕಳು ಮುದ್ದಾಗಿ ನುಡಿಸಿದರು. ಮುಗಿಯಿತು. ಮೇಡಂ ಕಡ್ಡಿ ಇಳಿಸಿದರು, ತಿರುಗಿದರು, ಬಾಗಿ ನಮಸ್ಕರಿಸಿದರು. ಅವರ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ.

ಅಧ್ಯಕ್ಷರು ಕಣ್ಣಂಚಿನಿಂದ ಗೊತ್ತಣ್ಣನನ್ನು ನೋಡಿದರು.

“ಇನ್ನೂ ಇದೆ,” ಎಂದ ಗೊತ್ತಣ್ಣ, ತುಟಿ ಅಲ್ಲಾಡಿಸದೆ.

ಸಭೆ ಉಸಿರು ಬಿಗಿಹಿಡಿದು ಕೂತಿತು. ಮೇಡಂ ಇನ್ನೊಂದು ಸಲ ಬಾಗಿದರು. ನಿಶ್ಶಬ್ದ. ಮೂಲೆಯಲ್ಲಿ ಯಾವನೋ ಕೈ ಎತ್ತಿದವನನ್ನು ಅವನ ಹೆಂಡತಿ ಮೊಣಕೈಯಿಂದ ತಿವಿದಳು. “ಸುಮ್ಮನಿರಿ! ಅಧ್ಯಕ್ಷರೇ ಹೊಡೆದಿಲ್ಲ, ನಿಮಗೇನು ಅವಸರ?”

ಪಾಪ, ಮೇಡಂ ಏನು ತಾನೇ ಮಾಡಿಯಾರು? ಜನಕ್ಕೆ ಸಾಲಲಿಲ್ಲವೇನೋ ಎಂದುಕೊಂಡು, ತಿರುಗಿ, ಅದನ್ನೇ ಮತ್ತೆ ಮೊದಲಿನಿಂದ ನುಡಿಸಿಸಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತ ನುಡಿಸಿದರು. ಮುಗಿಯಿತು. ಮೇಡಂ ಬಾಗಿದರು. ಮುನ್ನೂರು ಜನ ಮಿಕಮಿಕ ನೋಡಿದರು.

“ಈಗ?” ಎಂದರು ಅಧ್ಯಕ್ಷರು. ಅವರ ಬೋಳುತಲೆಯಲ್ಲಿ ಬೆವರೊಡೆದಿತ್ತು.

“ಸಾರ್, ನನ್ನ ಮೇಲೆ ನಂಬಿಕೆ ಇದೆಯೋ ಇಲ್ಲವೋ?”

ವೇದಿಕೆಯ ಮೇಲೆ ಮೇಡಂ ಕಣ್ಣು ತುಂಬಿ ಬಂತು. ತಡೆದುಕೊಂಡರು, ಆಗಲಿಲ್ಲ. ಸೊಂಟದಲ್ಲಿ ಸಿಕ್ಕಿಸಿದ್ದ ಪುಟ್ಟ ಕರವಸ್ತ್ರ ತೆಗೆದು ಕಣ್ಣಿಗೊತ್ತಿಕೊಂಡರು.

“ಹೊಡೀರಿ!” ಎಂದ ಗೊತ್ತಣ್ಣ.

ಅಧ್ಯಕ್ಷರು ಹೊಡೆದರು, ಊರು ಹೊಡೆಯಿತು. ಅಷ್ಟು ಹೊತ್ತು ಕಟ್ಟಿಹಾಕಿದ್ದ ಚಪ್ಪಾಳೆಯೆಲ್ಲ ಕಟ್ಟೆಯೊಡೆದು ಬಂತು. ದರ್ಜಿ ಕುರ್ಚಿಯ ಮೇಲೆ ಹತ್ತಿ ನಿಂತು ಹೊಡೆದ. ತಾವು ಅಳುವುದನ್ನು ಕಂಡು ಇಡೀ ಊರು ಹೀಗೆ ಸಂಭ್ರಮಿಸುವುದನ್ನು ನೋಡಿ ಮೇಡಂ ಮುಖ ಮುಚ್ಚಿಕೊಂಡು ಒಳಗೆ ಓಡಿದರು.

ವಿರಾಮದಲ್ಲಿ ಗೊತ್ತಣ್ಣನ ಸುತ್ತ ಜನ ಮುತ್ತಿಕೊಂಡರು. “ಅಷ್ಟು ಹೊತ್ತು ತಡೆದು ಹಿಡಿದ್ರಲ್ಲ, ಎಂಥ ಗುಂಡಿಗೆ ರೀ ನಿಮ್ಮದು!” ಎಂದು ಸಾಹೇಬರು ಬೆನ್ನು ತಟ್ಟಿದರು. ಅಧ್ಯಕ್ಷರು ತಮ್ಮ ಕೈಯಾರೆ ಚಹದ ಕಪ್ಪು ಕೊಟ್ಟು, “ಅಲ್ಲ ಮಾರಾಯರೇ, ಇದರ ಗುಟ್ಟೇನು, ನನಗಾದರೂ ಹೇಳಿ” ಎಂದರು.

ಇಲ್ಲಿ ಗೊತ್ತಣ್ಣ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಆದರೆ ಪುರಸಭೆಯ ಅಧ್ಯಕ್ಷರು ಚಹ ಕೊಟ್ಟು ಕೇಳಿದರೆ ಯಾವ ಮನುಷ್ಯನ ಬಾಯಿ ಸುಮ್ಮನಿದ್ದೀತು? “ಕರವಸ್ತ್ರ ಸಾರ್. ಕಡ್ಡಿ ಹಿಡಿದವರು ಕರವಸ್ತ್ರ ತೆಗೆದ್ರೆ ಕೃತಿ ಮುಗೀತು ಅಂತ ಲೆಕ್ಕ. ಅವರವರಲ್ಲಿ ಅದೊಂದು ಸಂಜ್ಞೆ” ಎಂದ. ‘ಸಂಜ್ಞೆ’ ಎಂಬ ಮಾತು ಸೇರಿಸಿದ್ದಕ್ಕೆ ಅವನಿಗೇ ಹೆಮ್ಮೆಯಾಯಿತು. ಅಧ್ಯಕ್ಷರು ಸಾಹೇಬರಿಗೆ ಹೇಳಿದರು, ಸಾಹೇಬರು ಹೆಂಡತಿಗೆ ಹೇಳಿದರು. ಅಲ್ಲಿಂದಾಚೆಗೆ ಹೇಳುವವರೇ ಬೇಕಿರಲಿಲ್ಲ. ಚಹದ ಕಪ್ಪು ಖಾಲಿಯಾಗುವುದರೊಳಗೆ ಬಾಗಿಲ ಕಾವಲುಗಾರನಿಗೂ ಕರವಸ್ತ್ರದ ಶಾಸ್ತ್ರ ಬಾಯಿಪಾಠವಾಗಿತ್ತು.

ಗೊತ್ತಣ್ಣ ಮಗಳಿಗೆ ಒಂದು ಮಾತು ಧೈರ್ಯ ಹೇಳಿಬರೋಣವೆಂದು ಪರದೆಯ ಹಿಂದೆ ಹೋದ. ಮಗಳು ಸಿಗಲಿಲ್ಲ. ಸಿಕ್ಕವರು ಕಡ್ಡಿ ಮೇಷ್ಟ್ರು. ಒಂದು ಮೂಲೆಯಲ್ಲಿ ಮುಕ್ಕಾಲಿಯ ಮೇಲೆ ಕೂತು, ಆ ದಿಂಬಿನ ಚೀಲದಂಥ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, “ಆ... ಆ... ಆಕ್ಷೀ!” ಎಂದು ಮನೆ ಅದುರುವ ಹಾಗೆ ಸೀನಿದರು.

“ಶೀತವೇ ಸಾರ್?” ಎಂದ ಗೊತ್ತಣ್ಣ, ಕರವಸ್ತ್ರದಿಂದ ಕಣ್ಣು ಕೀಳದೆ.

“ಹವಾ ಬದಲಾಗ್ತಾ ಇದೆಯಲ್ಲ. ಬೆಳಗ್ಗೆಯಿಂದ ಶುರು. ಯಾವಾಗ ಬರತ್ತೆ ಅಂತ ಹೇಳೋಕಾಗಲ್ಲ,” ಎಂದು ಮೇಷ್ಟ್ರು ಮತ್ತೆ ಕರವಸ್ತ್ರ ಎತ್ತಿದರು.

ಗೊತ್ತಣ್ಣ ಅಲ್ಲಿಂದ ಓಡಿಬಂದ. “ಸಾರ್, ಕರವಸ್ತ್ರ ಬೇಡ, ಅದು ಲೆಕ್ಕಕ್ಕಿಲ್ಲ” ಎಂದು ಅಧ್ಯಕ್ಷರ ಕಿವಿಯಲ್ಲಿ ಹೇಳಿದ. ಅಧ್ಯಕ್ಷರು ನಕ್ಕು, “ಗುಟ್ಟು ಬಿಟ್ಟುಕೊಟ್ಟೆ ಅಂತ ಈಗ ಹೊಟ್ಟೆ ಉರಿಯೇನ್ರೀ?” ಎಂದರು. ಅತ್ತೆಯವರತ್ತ ತಿರುಗಿದ. “ಅಳಿಯಂದಿರೇ, ಗಂಡಸರ ಮಾತು ಅಂದ್ರೆ ಒಂದೇ ಇರಬೇಕು” ಎಂದು ಅವರು ಸೆರಗು ಸರಿಮಾಡಿಕೊಂಡು ಕೂತರು. ಗಂಟೆ ಹೊಡೆಯಿತು. ದೀಪ ಆರಿತು.

ದೊಡ್ಡ ಮಕ್ಕಳ ತಂಡ ಬಂತು. ಎಲ್ಲರಿಗಿಂತ ಹಿಂದೆ, ಎತ್ತರದಲ್ಲಿ, ಮಗಳು. ಮೊದಲ ಕೃತಿ ಸುಸೂತ್ರವಾಗಿ ಸಾಗಿತು. ಮುಗಿದೊಡನೆ ಮೇಷ್ಟ್ರು ಕರವಸ್ತ್ರ ತೆಗೆದರು, ಸಭೆ ಹೊಡೆಯಿತು. ಗೊತ್ತಣ್ಣನ ಶಾಸ್ತ್ರ ಅಕ್ಷರಶಃ ನಿಜವಾಯಿತು. ಜನಕ್ಕೆ ಈಗ ಅಧ್ಯಕ್ಷರೂ ಬೇಕಿಲ್ಲ, ಗೊತ್ತಣ್ಣನೂ ಬೇಕಿಲ್ಲ. ಮುನ್ನೂರು ಜೊತೆ ಕಣ್ಣು ಮೇಷ್ಟ್ರ ಜೇಬಿನ ಮೇಲೆ ನೆಟ್ಟಿದ್ದವು.

ಕೊನೆಯ ಕೃತಿ ಶುರುವಾಯಿತು. ಸಂಗೀತ ಹೇಗಿತ್ತು ಎಂದು ಗೊತ್ತಣ್ಣನನ್ನು ಕೇಳಿ ಪ್ರಯೋಜನವಿಲ್ಲ. ಅವನಿಗೆ ಕಾಣುತ್ತಿದ್ದದ್ದು ಎರಡೇ: ಮೇಷ್ಟ್ರ ಮೂಗು, ಮಗಳ ಕೈ. ಮೂಗು ಆಗಾಗ ಕೆಂಪಾಗಿ ಅರಳುತ್ತಿತ್ತು, ಮೇಷ್ಟ್ರು ಹಲ್ಲು ಕಚ್ಚಿ ಒಳಗೇ ನುಂಗುತ್ತಿದ್ದರು. ಮಗಳು ಅಲುಗಾಡದೆ ನಿಂತಿದ್ದಳು. ದೇವರೇ, ಒಂದು ಸೀನು ತಡೆ, ಇನ್ನು ಮೇಲೆ ಕಿಟಕಿಗೆ ಬಂದವರ ಮನೆ ಯಾವುದೆಂದು ಕೇಳಿ ತಿಳಿದುಕೊಂಡೇ ಕಳಿಸುತ್ತೇನೆ ಎಂದು ಹರಕೆ ಹೊತ್ತ.

ವಾದ್ಯಗಳೆಲ್ಲ ಒಟ್ಟಾಗಿ ಏರಿದವು. ಏರಿ, ಏರಿ, ತಟ್ಟನೆ ನಿಂತವು.

ಮೌನ.

ಮಗಳು ಎರಡು ತಾಳಗಳನ್ನೂ ಎದೆಯ ಮಟ್ಟಕ್ಕೆ ಎತ್ತಿದಳು. ಮೇಷ್ಟ್ರು ಅವಳ ಕಡೆ ನೋಡಿ ಕಡ್ಡಿ ಎತ್ತಬೇಕು. ಎತ್ತಲಿಲ್ಲ. ಅವರ ಬಾಯಿ ತೆರೆಯಿತು, ಕಣ್ಣು ಮುಚ್ಚಿತು, ಎಡಗೈ ಜೇಬಿಗೆ ಹೋಯಿತು. ನೀಲಿ ಕರವಸ್ತ್ರ ಹೊರಗೆ ಬಂತು.

ಗೊತ್ತಣ್ಣನ ಬೆನ್ನ ಹಿಂದೆ ಮುನ್ನೂರು ಜನ ಕೈ ಎತ್ತಿದ ಸದ್ದು ಸರ್ರೆಂದು ಕೇಳಿಸಿತು.

ಕೂಗಿದರೆ ಮೌನ ಕೆಡುತ್ತದೆ. ಸುಮ್ಮನಿದ್ದರೆ ಮಗಳ ಪೆಟ್ಟು ಕೆಡುತ್ತದೆ. ಗೊತ್ತಣ್ಣ ಯೋಚಿಸಲಿಲ್ಲ. ಎದ್ದ, ಸಭೆಯ ಕಡೆ ತಿರುಗಿದ, ಎರಡು ಕೈಗಳನ್ನೂ ಅಗಲಿಸಿ ತಲೆಯ ಮೇಲಕ್ಕೆತ್ತಿ ನಿಂತ. ನಾಲ್ಕು ರಸ್ತೆ ಕೂಡುವಲ್ಲಿ ಲಾರಿ ತಡೆಯುವ ಪೊಲೀಸಿನವನೂ ಅಷ್ಟು ಅಧಿಕಾರದಿಂದ ನಿಂತಿರಲಾರ. ಮುನ್ನೂರು ಜೊತೆ ಕೈಗಳು ಎಲ್ಲಿದ್ದವೋ ಅಲ್ಲೇ ಗಾಳಿಯಲ್ಲಿ ನಿಂತವು. ಅಧ್ಯಕ್ಷರ ಕೈಗಳ ನಡುವೆ ಒಂದು ಗೇಣು. ಭಾವಮೈದನ ಕೈಗಳ ನಡುವೆ ಒಂದು ಮೊಳ. ಅತ್ತೆಯವರು ಮಾತ್ರ ಅಳಿಯನ ಮಾತಿಗೆ ನಿಲ್ಲುವ ಪೈಕಿಯಲ್ಲ. ಅವರ ಅಂಗೈಗಳು ಒಂದನ್ನೊಂದು ಸಮೀಪಿಸುತ್ತಲೇ ಇದ್ದವು.

ಗೊತ್ತಣ್ಣ ಕಣ್ಣು ಕೆಂಪು ಮಾಡಿ, ಎತ್ತಿದ ಕೈ ಎರಡನ್ನೂ ಅತ್ತೆಯ ಕಡೆಗೆ ರಪ್ಪೆಂದು ಇಳಿಸಿದ. ‘ಇಳಿಸಿ ಕೈ!’ ಎಂಬ ಅರ್ಥದಲ್ಲಿ.

ಝಣ್‌‌‌ಣ್‌‌‌ಣ್!

ಬೆನ್ನ ಹಿಂದೆ ಸಿಡಿಲು ಬಿದ್ದಂತಾಗಿ ಗೊತ್ತಣ್ಣ ಬೆಚ್ಚಿ ಒಂದಡಿ ಹಾರಿದ. ಆ ಸದ್ದು ಗೋಡೆಗೆ ಬಡಿದು, ಛಾವಣಿಗೇರಿ, ಕಿಟಕಿ ಗಾಜುಗಳನ್ನು ಮಾತಾಡಿಸಿ, ನಿಧಾನವಾಗಿ, ಬಹಳ ನಿಧಾನವಾಗಿ ಕರಗಿತು. ಯಾರೂ ಅಲುಗಲಿಲ್ಲ. ಆಮೇಲೆ ಮೇಷ್ಟ್ರು “ಆಕ್ಷೀ!” ಎಂದರು, ಸಭೆ ಸಿಡಿದೆದ್ದು ಚಪ್ಪಾಳೆ ಹೊಡೆಯಿತು.

ಮುಂದಿನದನ್ನು ವಿವರಿಸಿದರೆ ಗೊತ್ತಣ್ಣನಿಗೆ ಕೊಬ್ಬು ಹೆಚ್ಚಾಗುತ್ತದೆ. ಅಧ್ಯಕ್ಷರು ತಬ್ಬಿಕೊಂಡರು. ಸಾಹೇಬರು ಮೀಟರಿನ ಮಾತು ಎತ್ತಲೇ ಇಲ್ಲ. “ಮುಂದೊಬ್ಬರು ಹಿಂದೊಬ್ಬರು ನಿಂತು ನಡೆಸೋದನ್ನ ನಾನು ಇದೇ ಮೊದಲು ನೋಡಿದ್ದು” ಎಂದು ದರ್ಜಿ ಎಲ್ಲರಿಗೂ ಹೇಳುತ್ತ ತಿರುಗಿದ.

ಜನ ಕರಗಿದ ಮೇಲೆ ಕಡ್ಡಿ ಮೇಷ್ಟ್ರು ಮೂಗೊರೆಸಿಕೊಳ್ಳುತ್ತ ವೇದಿಕೆಯ ಅಂಚಿಗೆ ಬಂದರು. ಜೊತೆಗೆ ಗೊತ್ತಣ್ಣನ ಮಗಳು, ಹಿಂದೆ ಚಿಕ್ಕ ಮೇಡಂ.

“ನಾನು ಕಡ್ಡಿನೇ ಎತ್ತಲಿಲ್ಲ. ನೀನು ಹೇಗಮ್ಮ ಹೊಡೆದೆ? ಅದೂ ಸರಿಯಾದ ಸಮಯಕ್ಕೆ?”

“ಅಪ್ಪನ ಕೈ ಇಳೀತಲ್ಲ ಸಾರ್. ನೀವೇ ಹೇಳಿದ್ರಿ, ಕೈ ಎತ್ತಿದ್ರೆ ಸಿದ್ಧವಾಗು, ಇಳಿದ್ರೆ ಹೊಡಿ ಅಂತ. ಯಾರ ಕೈ ಅಂತ ಹೇಳಿರಲಿಲ್ಲ.”

ಮೇಷ್ಟ್ರು ಗೊತ್ತಣ್ಣನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲು ಬಾಯಿ ತೆರೆದದ್ದು ನಿಜ. ಆದರೆ ಸೀನು ಬಂತು, ಬೈಗುಳ ಅದರ ಜೊತೆ ಹೋಯಿತು.

ಮಗಳು ವೇದಿಕೆಯಿಂದ ಜಿಗಿದು ಬಂದಳು. ಮುಖ ದೀಪದ ಹಾಗೆ ಬೆಳಗುತ್ತಿತ್ತು. “ಅಪ್ಪ, ನೋಡಿದ್ಯಾ? ಹೊಡೆದ ಮೇಲೆ ಎರಡನ್ನೂ ಹೀಗೆ ಮೇಲೆತ್ತಿ ತೋರಿಸಬೇಕು, ಅದೇ ಕಷ್ಟ. ನೋಡಿದ್ಯಾ?”

ಗೊತ್ತಣ್ಣ ಬಾಯಿ ತೆರೆದ. ಒಂದು ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತು. ಮಗಳ ಮುಖ ನೋಡಿದ ಮೇಲೆ ಅದು ಹೊರಗೆ ಬರಲಿಲ್ಲ.

“ಇಲ್ಲ ಕಣಮ್ಮ. ನಾನು ನಿಮ್ಮಜ್ಜಿಯನ್ನ ನೋಡ್ತಾ ಇದ್ದೆ.”

ಹುಡುಗಿಯ ಮುಖ ಸಣ್ಣಗಾಯಿತು. ಇಡೀ ಊರಿಗೆ ಕೇಳಿಸಿದ, ಇಡೀ ಊರಿಗೆ ಕಂಡ ಮಗಳ ಪೆಟ್ಟು, ಊರನ್ನು ತಡೆಯಲು ನಿಂತ ಅಪ್ಪನಿಗೊಬ್ಬನಿಗೇ ಕಾಣಲಿಲ್ಲ. ಅವನು ಮೂಗು ಒರೆಸಿಕೊಂಡ. ಅವನಿಗೆ ಶೀತವೇನೂ ಇರಲಿಲ್ಲ.

ಆಗ ಮಾತಾಡಿದವರು ಚಿಕ್ಕ ಮೇಡಂ. “ತಾಳ ಇನ್ನೂ ಪೆಟ್ಟಿಗೆಗೆ ಹಾಕಿಲ್ಲ. ಇನ್ನೊಂದು ಸಲ ಹೊಡೀಲಿ ಬಿಡಿ. ಸಾರ್ ಕೈಲಿ ಆಗಲ್ಲ, ಕಡ್ಡಿ ನಾನು ಹಿಡೀತೀನಿ.” ಆಮೇಲೆ ಗೊತ್ತಣ್ಣನ ಕಡೆ ತಿರುಗಿ, “ಈ ಸಲನಾದ್ರೂ ಚಪ್ಪಾಳೆ ಹೊಡೀತೀರಿ ತಾನೇ? ನಾನು ಅಳೋವರೆಗೂ ಕಾಯಬೇಡಿ” ಎಂದರು.

“ತಪ್ಪಾಯ್ತಮ್ಮಾ,” ಎಂದ ಗೊತ್ತಣ್ಣ. ಮದುವೆಯಾದಾಗಿನಿಂದ ಆ ಮಾತನ್ನು ಅವನ ಬಾಯಲ್ಲಿ ಕೇಳದ ಹೆಂಡತಿ ತಿರುಗಿ ನೋಡಿದಳು.

ಅವನನ್ನು ಖಾಲಿ ಕುರ್ಚಿಗಳ ನಡುವೆ ಕೂರಿಸಿದರು. ಮಗಳು ಮೆಟ್ಟಿಲ ಮೇಲೆ ನಿಂತಳು. ಮೇಡಂ ಕಡ್ಡಿ ಎತ್ತಿದರು. ಹುಡುಗಿ ತಾಳಗಳನ್ನು ಎತ್ತಿದಳು, ಭುಜ ನೆಟ್ಟಗಾಯಿತು, ಕಣ್ಣು ಕಡ್ಡಿಯ ತುದಿಯಲ್ಲಿ. ಬಟ್ಟೆ ಒಗೆಯಲು ಹೇಳಿದರೆ ಸೊಂಟನೋವು ಎನ್ನುವ ಹುಡುಗಿ ಇವಳೇ ಏನು? ಕಡ್ಡಿ ಇಳಿಯಿತು. ಎರಡು ಹಿತ್ತಾಳೆಯ ಹೊಳಪು ಒಂದನ್ನೊಂದು ಹಾದು, ಝಣ್ಣೆಂದು ಸಿಡಿದು, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಅವಳ ತಲೆಯ ಎರಡೂ ಕಡೆ ಮೇಲೇರಿ ಅಗಲವಾಗಿ ನಿಂತಿತು. ಸದ್ದು ಮೊರೆಯುತ್ತಲೇ ಇತ್ತು. ಮೊರೆದು ಮೊರೆದು ಸಣ್ಣದಾಯಿತು. ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದಾಯಿತು.

ಗೊತ್ತಣ್ಣ ಎರಡೂ ಅಂಗೈ ಎದೆಯ ಮುಂದೆ ಹಿಡಿದು, ಒದ್ದೆ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದ.

“ಮುಗೀತೇನಮ್ಮಾ?” ಎಂದು ಕೇಳಿದ, ಮೆಲ್ಲಗೆ.

“ಮುಗೀತು ಅಪ್ಪ. ಹೊಡಿ.”

ಗೊತ್ತಣ್ಣ ಹೊಡೆದ. ಮೇಡಂ ಸಾಕು ಎಂದರು, ಹೆಂಡತಿ ಸಾಕು ಎಂದಳು, ಕಾವಲುಗಾರ ಬೀಗದ ಕೈ ಗಲಗಲ ಅಲ್ಲಾಡಿಸಿದ. ಅವನು ಹೊಡೆಯುತ್ತಲೇ ಇದ್ದ.